ಲೇಸರ್ ಮಾಡಿಸೋದು ಎಲ್ಲಿ? ಟೂರ್ ಹೋದಲ್ಲೋ, ಊರಲ್ಲೋ

ಕಳೆದ ತಿಂಗಳು ಕೊಪ್ಪದ ಹತ್ತಿರ ಒಂದು ಗೃಹಪ್ರವೇಶದ ಊಟ. ಎಡಕ್ಕೆ ಕೂತ ಅಕ್ಕನ ಮಗಳು ಕೋಸಂಬರಿ ಬಡಿಸುವಾಗಲೇ ಶುರು ಮಾಡಿದಳು: “ಚಿಕ್ಕಿ, ನಾವು ಬ್ಯಾಂಕಾಕ್ ಟೂರ್ ಹೊರಟಿದೀವಿ. ಅಲ್ಲಿ ಲೇಸರ್ ಭಾರಿ ಚೀಪಂತೆ. ಮದುವೆಗೆ ಮೊದಲು ಮುಖಕ್ಕೆ ಒಂದ್ಸಲ ಮಾಡಿಸ್ಕೊಂಡೇ ಬರ್ಲಾ?” ಬಲಕ್ಕೆ ಕೂತ ಅತ್ತಿಗೆಯದು ಬೇರೆ ಕತೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದಾರೆ, ಇರುವುದು ಐದಾರು ತಿಂಗಳು, ಗದ್ದದ ಕೂದಲಿಗೆ ಅಲ್ಲೇ ಒಂದು ಗತಿ ಕಾಣಿಸಿಬಿಡೋಣ ಅಂತ. ಪಾಯಸದ ಹೊತ್ತಿಗೆ ಎದುರು ಪಂಕ್ತಿಯಿಂದ ಮೂರನೆಯದು ಬಂತು: ಮಗನ ತೋಳಿನ ಹಚ್ಚೆ ಅಳಿಸಬೇಕು, ದುಬೈಯಲ್ಲಿ ಅವನ ಸೋದರಮಾವ ಇದ್ದಾನೆ, ಹದಿನೈದು ದಿನಕ್ಕೆ ಕಳಿಸಿದರೆ ಆಗುತ್ತದಾ?

ಎಲ್ಲರೂ ನನ್ನನ್ನೇ ಕೇಳುವುದಕ್ಕೆ ಕಾರಣ ಇದೆ. ಪರದೇಶದಲ್ಲಿ ಲೇಸರ್ ಹೊಡೆಸಿಕೊಂಡು ಮುಖ ಕೆಡಿಸಿಕೊಂಡು ಬಂದವಳು ನಮ್ಮ ಬಳಗದಲ್ಲಿ ಸದ್ಯಕ್ಕೆ ನಾನೊಬ್ಬಳೇ.

ನನಗೆ ಕೆನ್ನೆ ಮೇಲೆ ಬಂಗು. ಎರಡನೇ ಹೆರಿಗೆ ಆದಾಗಿನಿಂದ ಇತ್ತು. ಕೆಲವು ವರ್ಷದ ಹಿಂದೆ ಗಲ್ಫಿನಲ್ಲಿರುವ ತಮ್ಮನ ಮನೆಗೆ ಹೋಗಿದ್ದಾಗ, ಮಾಲ್ ಒಂದರ ಕ್ಲಿನಿಕ್ಕಿನಲ್ಲಿ ಅರ್ಧ ರೇಟಿನ ಬೋರ್ಡು ಕಂಡು ನಾದಿನಿ ನನ್ನನ್ನು ಒಳಗೆ ಎಳೆದಳು. ಎರಡು ದಿನದ ಹಿಂದಷ್ಟೇ ಮರಳುಗಾಡಿನ ಬಿಸಿಲಲ್ಲಿ ಒಂಟೆ ಹತ್ತಿ ಬಂದಿದ್ದೆವು. ಅದನ್ನು ಯಾರೂ ಕೇಳಲಿಲ್ಲ. ಯಾವ ಕ್ರೀಮ್ ಹಚ್ಚುತ್ತೀರಿ ಅಂತಲೂ ಕೇಳಲಿಲ್ಲ. ಕಾಲು ಗಂಟೆಯಲ್ಲಿ ಕೆಲಸ ಮುಗಿದು, ಒಂದು ವಾರ ಮುಖ ಹೊಳೆಯಿತು. ಫೋಟೋ ತೆಗೆದದ್ದೇ ತೆಗೆದದ್ದು. ಊರಿಗೆ ಬಂದಾಗ ಅಡಿಕೆ ಸುಗ್ಗಿ, ಹಂಡೆಯ ಒಲೆ ಮುಂದೆ ಹದಿನೈದು ದಿನ. ಮೂರನೇ ವಾರಕ್ಕೆ ಎರಡೂ ಕೆನ್ನೆ ಮೊದಲಿಗಿಂತ ಕಪ್ಪಾಗಿ, ಅಂಚು ಕಟ್ಟಿದ ಹಾಗೆ ಎದ್ದು ನಿಂತವು. ಶಿವಮೊಗ್ಗದ ಚರ್ಮದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: “ಯಾವ ಲೇಸರ್ ಹಾಕಿದ್ರು, ಎಷ್ಟು ಎನರ್ಜಿ ಇಟ್ಟಿದ್ರು, ಚೀಟಿ ಇದ್ಯಾ?” ನನ್ನ ಹತ್ತಿರ ಇದ್ದದ್ದು ‘ಫೇಸ್ ಲೇಸರ್, ಒಂದು’ ಎಂದು ಬರೆದ ಬಿಲ್ಲು. ಮೊದಲಿನ ಬಣ್ಣಕ್ಕೆ ಬರಲು ಎಂಟು ತಿಂಗಳು ಹಿಡಿಯಿತು.

ನಾನು ಡಾಕ್ಟರಲ್ಲ, ಹೈಸ್ಕೂಲಿಗೆ ವಿಜ್ಞಾನ ಹೇಳುವವಳು. ಆ ಎಂಟು ತಿಂಗಳಲ್ಲಿ ಓದಿದ್ದು, ಡಾಕ್ಟರ ಹತ್ತಿರ ಕೇಳಿ ತಿಳಿದದ್ದು ಇಲ್ಲಿದೆ. ಎಲ್ಲಿ ಮಾಡಿಸಬೇಕೆಂದು ತೂಗಿ ನೋಡುವವರಿಗೆ ಉಪಯೋಗಕ್ಕೆ ಬಂದೀತು.

ಮೊದಲು ಅಳತೆಗೋಲು

ಎಲ್ಲರೂ ರೇಟಿನಿಂದ ಶುರು ಮಾಡುತ್ತಾರೆ. ನನ್ನ ಪಟ್ಟಿಯಲ್ಲಿ ರೇಟು ಕೊನೆಗೆ ಬರುತ್ತದೆ.

ನಿಮಗಿರುವುದು ಏನು ಎಂಬುದು ಮೊದಲನೆಯದು. ‘ಲೇಸರ್’ ಎಂದು ನಾವು ಒಂದೇ ಮಾತಲ್ಲಿ ಹೇಳಿದರೂ ಬೇಡದ ಕೂದಲು, ಬಂಗು, ಮೊಡವೆಯ ಗುಳಿ, ಹಚ್ಚೆ, ಇವು ನಾಲ್ಕಕ್ಕೂ ಯಂತ್ರ ಬೇರೆ, ಅಪಾಯ ಬೇರೆ, ಸಿಟಿಂಗ್ ಲೆಕ್ಕ ಬೇರೆ. ಕೂದಲಿಗೆ ಲೇಸರ್ ಒಳ್ಳೆಯ ಮದ್ದು. ಬಂಗಿಗೆ ಅದು ಕೊನೆಯ ಮದ್ದು. ಬಂಗಿಗೆ ಮೊದಲು ಸನ್‌ಸ್ಕ್ರೀನ್, ಆಮೇಲೆ ಡಾಕ್ಟರ್ ಬರೆದ ಕ್ರೀಮ್, ಕೆಲವರಿಗೆ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿ. ಇಷ್ಟಕ್ಕೂ ಬಗ್ಗದಿದ್ದರೆ, ಅದೂ ಕಡಿಮೆ ಶಕ್ತಿಯಲ್ಲಿ, ಲೇಸರ್. ಇದು ಗೊತ್ತಿದ್ದಿದ್ದರೆ ನಾನು ಆ ಮಾಲಿನಲ್ಲಿ ಐಸ್‌ಕ್ರೀಮ್ ತಿಂದು ವಾಪಸ್ ಬರುತ್ತಿದ್ದೆ.

ಎರಡನೆಯದು ಚರ್ಮದ ಬಣ್ಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಲೇಸರ್ ಅಂದರೆ ಒಂದೇ ಅಲೆಯುದ್ದದ ಬೆಳಕು. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಷ್ ಎಂಬ ಇಬ್ಬರು ಅಮೆರಿಕನ್ ವೈದ್ಯರು ಒಂದು ತತ್ತ್ವ ಹೇಳಿದರು: ಗುರಿ ಯಾವ ಬೆಳಕನ್ನು ಹೆಚ್ಚು ಹೀರುತ್ತದೋ ಅದೇ ಬೆಳಕನ್ನು, ಸುತ್ತಲಿನ ಚರ್ಮ ಕಾಯುವಷ್ಟು ಸಮಯ ಕೊಡದೆ, ಕ್ಷಣಮಾತ್ರ ಬಿಟ್ಟರೆ ಗುರಿ ಮಾತ್ರ ಸುಡುತ್ತದೆ. ಕೂದಲಲ್ಲಿ, ಕಲೆಯಲ್ಲಿ ಆ ಗುರಿ ಮೆಲನಿನ್, ಅಂದರೆ ಕಪ್ಪು-ಕಂದು ಬಣ್ಣ ಕೊಡುವ ವಸ್ತು. ತೊಡಕು ಏನೆಂದರೆ ನಮ್ಮ ಚರ್ಮದಲ್ಲೂ ಅದೇ ಮೆಲನಿನ್ ಧಾರಾಳವಾಗಿದೆ. ಬಿಸಿಲಲ್ಲಿ ಹರವಿದ ಕರಿಕಂಬಳಿ ಬಿಳಿ ಪಂಚೆಗಿಂತ ಬೇಗ ಕಾಯುವ ಹಾಗೆ, ಬೆಳ್ಳಗಿನವರಿಗೆ ಸರಿಹೋಗುವ ಬೆಳಕು ನಮ್ಮ ಮೇಲ್ಪದರವನ್ನೇ ಸುಡಬಹುದು. 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ವೈದ್ಯರು ಶುರುಮಾಡಿದ ವರ್ಗೀಕರಣದಲ್ಲಿ ಚರ್ಮಕ್ಕೆ ಈಗ ಆರು ದರ್ಜೆ. ನಮ್ಮ ಕಡೆಯ ಬಹುಪಾಲು ಜನ ನಾಲ್ಕು, ಐದರಲ್ಲಿ ಬರುತ್ತೇವೆ. ಕೂದಲು ತೆಗೆಯಲು ಅಲೆಕ್ಸಾಂಡ್ರೈಟ್ 755 ನ್ಯಾನೋಮೀಟರ್, ಡಯೋಡ್ ಸುಮಾರು 810, ಎನ್‌ಡಿ-ಯಾಗ್ 1064. ಅಲೆ ಉದ್ದವಾದಷ್ಟೂ ಮೇಲ್ಪದರದ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. ಹಾಗಾಗಿ ಕಪ್ಪು ಚರ್ಮಕ್ಕೆ 1064 ಹೆಚ್ಚು ಸುರಕ್ಷಿತ. ಆದರೆ ತೆಳು ಕೂದಲಿಗೆ ಅದರ ಪೆಟ್ಟು ಸ್ವಲ್ಪ ಕಡಿಮೆ. 755, 1064 ಎರಡೂ ಅಲೆ ಇರುವ ಯಂತ್ರಗಳಿವೆ, ಜೆಂಟಲ್‌ಮ್ಯಾಕ್ಸ್ ಪ್ರೊ ಅಂಥದ್ದು. ಆದ್ದರಿಂದ ಯಂತ್ರದ ಹೆಸರು ಕೇಳಿ ಸುಮ್ಮನಾಗಬೇಡಿ, ನನಗೆ ಯಾವ ಅಲೆ ಹಾಕುತ್ತೀರಿ ಎಂದು ಕೇಳಿ. ಇನ್ನು, ಪಾರ್ಲರುಗಳಲ್ಲಿ ‘ಲೇಸರ್’ ಎಂದೇ ಮಾರುವ ಐಪಿಎಲ್ ಲೇಸರ್ರೇ ಅಲ್ಲ. ಹಲವು ಅಲೆ ಬೆರೆತ ಝಗ್ಗನೆಯ ಬೆಳಕು ಅದು, ನಮ್ಮ ಬಣ್ಣಕ್ಕೆ ಹೆಚ್ಚು ಎಚ್ಚರ ಬೇಕು.

ಮೂರನೆಯದು ಎಷ್ಟು ಸಲ ಎಂಬುದು. ಕೂದಲು ಬೆಳೆಯುವ ಹಂತದಲ್ಲಿದ್ದಾಗ ಮಾತ್ರ ಲೇಸರಿಗೆ ಸಿಗುತ್ತದೆ, ಒಂದು ಹೊತ್ತಿನಲ್ಲಿ ಎಲ್ಲ ಕೂದಲೂ ಆ ಹಂತದಲ್ಲಿ ಇರುವುದಿಲ್ಲ. ಅದಕ್ಕೇ ಆರರಿಂದ ಎಂಟು ಸಿಟಿಂಗ್, ಮುಖಕ್ಕಾದರೆ ನಾಲ್ಕರಿಂದ ಆರು ವಾರದ ಅಂತರ. ಮೊಡವೆ ಗುಳಿಗೆ ಚರ್ಮವನ್ನು ಚುಕ್ಕಿ ಚುಕ್ಕಿಯಾಗಿ ಸುಡುವ ಫ್ರಾಕ್ಷನಲ್ ಸಿಒ2 ಲೇಸರ್ ಮೂರು ನಾಲ್ಕು ಸಲ, ಪ್ರತಿ ಸಲವೂ ಐದಾರು ದಿನ ಮುಖ ಕೆಂಪಾಗಿ, ಕಂದು ಪುಡಿ ಉದುರುತ್ತದೆ. ಹಚ್ಚೆಗೆ ಆರು, ಹತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು, ನಡುವೆ ಆರೆಂಟು ವಾರ. ‘ಒಂದ್ಸಲ ಮಾಡಿಸ್ಕೊಂಡು ಬರೋದು’ ಎಂಬ ಲೇಸರ್ ಹೆಚ್ಚುಕಡಿಮೆ ಇಲ್ಲ.

ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಮಾಡಿಸಿದ ಮೇಲಿನ ನಾಲ್ಕು ವಾರ ನೀವು ಎಲ್ಲಿರುತ್ತೀರಿ? ಸುಟ್ಟ ಗುಳ್ಳೆ ಎದ್ದರೆ ಒಂದೆರಡು ದಿನದಲ್ಲಿ ಕಾಣುತ್ತದೆ. ಸೋಂಕು, ತುಟಿ ಸುತ್ತ ಹರ್ಪಿಸ್ ಗುಳ್ಳೆ ಮೊದಲ ವಾರದಲ್ಲಿ. ನನಗೆ ಬಂದ ಹಾಗೆ ಕಪ್ಪು ತಿರುಗುವುದು ಎರಡು, ಮೂರು, ನಾಲ್ಕನೇ ವಾರದಲ್ಲಿ. ಬಿಳಿ ಮಚ್ಚೆ ಬೀಳುವುದು, ತೆಗೆಸಿದ ಜಾಗದಲ್ಲೇ ಕೂದಲು ಇನ್ನೂ ದಟ್ಟವಾಗಿ ಹುಟ್ಟುವುದು ತಿಂಗಳುಗಳ ಮೇಲೆ. ಈ ಕೊನೆಯದು ತಮಾಷೆಯಲ್ಲ, ದಕ್ಷಿಣ ಏಷ್ಯಾದ ಹೆಂಗಸರ ಕೆನ್ನೆ, ಗದ್ದ, ಕತ್ತಿನಲ್ಲಿ ಅದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಐದು ರಾತ್ರಿ ಆರು ಹಗಲಿನ ಟೂರಿನಲ್ಲಿ ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಸಮಯವಿದೆ. ಉಳಿದದ್ದೆಲ್ಲ ಆಗುವುದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ನಿಮ್ಮ ಮನೆ ಕನ್ನಡಿಯ ಮುಂದೆ.

ಐದನೆಯದು, ಕೆಟ್ಟರೆ ಯಾರ ಬಾಗಿಲು ತಟ್ಟುವುದು. ಆಮೇಲೆ ದುಡ್ಡು. ಬೋರ್ಡಿನ ಮೇಲಿನ ರೇಟು ಒಂದು ಸಲದ್ದು. ನಿಮ್ಮ ಲೆಕ್ಕ ಹೀಗಿರಲಿ: ಒಂದು ಸಲದ ಶುಲ್ಕ, ಓಡಾಟ, ರಜೆ ಹಾಕಿದ ದಿನದ ಸಂಬಳ ಮೂರನ್ನೂ ಕೂಡಿಸಿ, ಅದನ್ನು ಸಿಟಿಂಗ್ ಸಂಖ್ಯೆಯಿಂದ ಗುಣಿಸಿ. ಮೇಲೆ ಸನ್‌ಸ್ಕ್ರೀನ್, ಕ್ರೀಮಿನ ಖರ್ಚು. ಶುಲ್ಕದಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ಪರದೇಶದ ಕ್ಲಿನಿಕ್

ನನಗಾದದ್ದನ್ನು ಹೇಳಿದೆ ಅಂತ ಹೊರದೇಶದ ಕ್ಲಿನಿಕ್ಕುಗಳೆಲ್ಲ ಕಳಪೆ ಅಂದುಕೊಳ್ಳಬೇಡಿ. ಬ್ಯಾಂಕಾಕಿನಲ್ಲೋ ಸೋಲ್‌ನಲ್ಲೋ ಸಿಗುವ ಯಂತ್ರಗಳು ಹೊಸವು, ದಿನಕ್ಕೆ ಎಷ್ಟೋ ಮುಖ ನೋಡಿ ಕೈ ಪಳಗಿರುತ್ತದೆ, ಪೈಪೋಟಿ ಇರುವುದರಿಂದ ರೇಟೂ ಇಳಿದಿರುತ್ತದೆ. ಪ್ರಶ್ನೆ ಅವರ ಕೈ ನಮ್ಮ ಚರ್ಮದ ಮೇಲೆ ಪಳಗಿದೆಯಾ ಎಂಬುದು.

ಥಾಯ್ ಜನರ ಬಣ್ಣ ನಮಗೆ ಅಷ್ಟೇನೂ ದೂರವಲ್ಲ, ಕಪ್ಪು ತಿರುಗುವ ಕಾಟ ಅಲ್ಲಿನ ವೈದ್ಯರಿಗೂ ದಿನನಿತ್ಯದ್ದು. ಅಲ್ಲಿ ಕ್ಲಿನಿಕ್ಕಿನ ಮುಂದೆ 11 ಅಂಕಿಯ ಪರವಾನಗಿ ಸಂಖ್ಯೆ ಹಾಕಿರಬೇಕು. ಅದು ಕಾಣದಿದ್ದರೆ ಒಳಗೆ ಕಾಲಿಡಬೇಡಿ. ಕೊರಿಯಾದಲ್ಲಿ ಲೇಸರ್ ಹೊಡೆಯುವುದಕ್ಕೆ ವೈದ್ಯರಿಗೆ ಮಾತ್ರ ಅಧಿಕಾರ, ಇದು ದೊಡ್ಡ ಅನುಕೂಲ. ಆದರೆ ಅವರು ದಿನವೂ ನೋಡುವುದು ನಮಗಿಂತ ತಿಳಿಬಣ್ಣದ ಚರ್ಮ, ಜೊತೆಗೆ ಗಿಜಿಗುಡುವ ಕ್ಲಿನಿಕ್ಕಿನಲ್ಲಿ ನಿಮ್ಮ ಹತ್ತಿರ ಮೊದಲು ಮಾತಾಡುವುದು ಪ್ಯಾಕೇಜ್ ಹೇಳುವ ಸಲಹೆಗಾರ್ತಿ. ದುಬೈಯಲ್ಲಿ ನಮ್ಮ ದೇಶದಲ್ಲೇ ಓದಿದ ಚರ್ಮವೈದ್ಯರು ಬೇಕಾದಷ್ಟು ಜನ, ಭಾಷೆಯ ತೊಂದರೆಯಿಲ್ಲ. ಕ್ಲಿನಿಕ್ಕಿಗೂ ವೈದ್ಯರಿಗೂ ದುಬೈ ಆರೋಗ್ಯ ಪ್ರಾಧಿಕಾರದ ಪರವಾನಗಿ ಬೇಕು. ಅಲ್ಲಿನ ಶತ್ರು ಬಿಸಿಲು. ಅಮೆರಿಕದಲ್ಲಿ ಲೇಸರ್ ಯಾರು ಹಿಡಿಯಬಹುದು ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ‘ಮೆಡಿಸ್ಪಾ’ ಎಂಬ ಬೋರ್ಡಿನ ಹಿಂದೆ ವೈದ್ಯರು ಎದುರಿಗೇ ಇರುತ್ತಾರೆಂಬ ಖಾತ್ರಿಯಿಲ್ಲ.

ಪ್ರವಾಸ ಮತ್ತು ಲೇಸರ್ ಒಂದಕ್ಕೊಂದು ಆಗಿಬರುವುದಿಲ್ಲ ಎಂಬುದೂ ಇದೆ. ಲೇಸರಿಗೆ ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ಬಿಸಿಲು ಬೇಡ ಎನ್ನುತ್ತಾರೆ. ಪಟ್ಟಾಯದ ಸಮುದ್ರಕ್ಕೆ ಹೋಗಿ ಛತ್ರಿ ಹಿಡಿದು ಹೋಟೆಲಿನಲ್ಲಿ ಕೂರುವುದಾದರೆ ಟೂರ್ ಯಾಕೆ? ಪ್ಯಾಚ್ ಟೆಸ್ಟ್ ಅಂದರೆ ಕಿವಿಯ ಹಿಂದೆಯೋ ದವಡೆಯ ಅಂಚಿಗೋ ಚೂರು ಹೊಡೆದು ನೋಡುವುದು. ಕೂದಲಿಗಾದರೆ ಒಂದೆರಡು ದಿನದಲ್ಲಿ ಫಲ ತಿಳಿಯಬಹುದು, ಕಲೆ ಮತ್ತು ಗುಳಿಗೆ ವಾರಗಳೇ ಕಾಯಬೇಕು. ಟೂರಿನವರಿಗೆ ಅಷ್ಟು ಪುರುಸೊತ್ತು ಎಲ್ಲಿ, ಹಾಗಾಗಿ ಅದನ್ನು ಹಾರಿಸಿಬಿಡುತ್ತಾರೆ. ನನಗೂ ಹಾರಿಸಿದ್ದರು.

ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಎಂದು ಧೈರ್ಯ ಮಾಡಬೇಡಿ. ಸೌಂದರ್ಯದ ಚಿಕಿತ್ಸೆಯನ್ನು ಅವು ಸಾಮಾನ್ಯವಾಗಿ ಹೊರಗಿಡುತ್ತವೆ, ನಮ್ಮ ಆರೋಗ್ಯ ವಿಮೆಯ ಹೊರಪಟ್ಟಿಯಲ್ಲೂ ಅದಕ್ಕೆ ಸ್ವಂತ ಸಾಲಿದೆ. ಕಾರ್ಡಿನಲ್ಲಿ ದುಡ್ಡು ಕೊಟ್ಟರೆ ಹೊರದೇಶದ ಬಳಕೆಗೆ ಬ್ಯಾಂಕು ತನ್ನ ಪಾಲು ಸೇರಿಸುತ್ತದೆ.

ಹಾಗಿದ್ದರೆ ಪರದೇಶ ಯಾರಿಗೆ? ಅಲ್ಲೇ ಕೆಲಸದಲ್ಲಿರುವವರಿಗೆ, ಓದಲು ಹೋಗಿ ವರ್ಷಗಟ್ಟಲೆ ಇರುವ ಮಕ್ಕಳಿಗೆ, ಪೂರ್ತಿ ಸಿಟಿಂಗ್ ಮುಗಿದು ಮೇಲೊಂದು ತಿಂಗಳು ಉಳಿಯುವವರಿಗೆ. ಅವರಿಗೆ ಅದು ‘ಪರದೇಶ’ವೇ ಅಲ್ಲ, ಅವರ ಊರಿನ ಕ್ಲಿನಿಕ್ಕು. ನಾಲ್ಕು ದಿನಕ್ಕೆ ಹೋಗುವವರಿಗೆ ನಾನು ಬೇಡ ಎಂದೇ ಹೇಳುವುದು. ಆದರೂ ಮನಸ್ಸು ಕೇಳದಿದ್ದರೆ ಮುಖ ಬಿಟ್ಟು ಬಟ್ಟೆಯಲ್ಲಿ ಮುಚ್ಚುವ ಜಾಗ ಆರಿಸಿ, ಪ್ರವಾಸದ ಕೊನೆಯ ದಿನ ಬಿಟ್ಟು ಮೊದಲ ದಿನ ಮಾಡಿಸಿ. ಗುಳ್ಳೆ ಎದ್ದರೆ ಹೊಡೆದವರೇ ನೋಡಲಿ. ಹೊರಡುವ ಮೊದಲು ಯಂತ್ರದ ಹೆಸರು, ಅಲೆಯುದ್ದ, ಚದರ ಸೆಂಟಿಮೀಟರಿಗೆ ಎಷ್ಟು ಜೂಲ್, ಸ್ಪಾಟ್ ಎಷ್ಟು ಮಿಲಿಮೀಟರ್, ಪಲ್ಸ್ ಎಷ್ಟು ಹೊತ್ತು ಎಂದು ಬರೆಸಿಕೊಂಡು ಬನ್ನಿ. ಈ ಒಂದು ಚೀಟಿ ಇಲ್ಲದೆ ನಮ್ಮ ಡಾಕ್ಟರು ಕತ್ತಲಲ್ಲಿ ತಡಕಾಡಬೇಕಾಯಿತು.

ಶಿವಮೊಗ್ಗ

ನಮ್ಮೂರಿನ ಬಗ್ಗೆ ನಮಗೇ ತಾತ್ಸಾರ. ‘ಇಲ್ಲೆಂತ ಇದೆ ಮಾರಾಯ್ತಿ’ ಎನ್ನುವವರು ಒಮ್ಮೆ ದುರ್ಗಿಗುಡಿ ಸುತ್ತಿ ನೋಡಿ. ಎಂ.ಡಿ. ಮಾಡಿದ ಚರ್ಮವೈದ್ಯರು ಈಗ ಶಿವಮೊಗ್ಗದಲ್ಲೇ ಇದ್ದಾರೆ, ಲೇಸರ್ ಇಟ್ಟವರೂ ಇದ್ದಾರೆ. ಇರುವುದು ಏನೆಂದು ಗೊತ್ತುಮಾಡಿಕೊಳ್ಳುವುದಷ್ಟೇ ಬೇಕಿದ್ದರೆ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ಚೀಟಿ ಮಾಡಿಸಿ. ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಖರ್ಚು ಏನೂ ಅಲ್ಲ, ಕಾಯುವ ತಾಳ್ಮೆ ಬೇಕು. ಏನನ್ನೂ ಮಾರುವ ದರ್ದು ಇಲ್ಲದವರ ಬಾಯಿಂದ ‘ಇದಕ್ಕೆ ಲೇಸರ್ ಬೇಡ’ ಎಂಬ ಮಾತು ಬಂದರೆ ಅದಕ್ಕೆ ಬೆಲೆ ಜಾಸ್ತಿ.

ಕೊರತೆಯೂ ಇದೆ. ಒಂದೇ ಕ್ಲಿನಿಕ್ಕಿನಲ್ಲಿ ನಾಲ್ಕಾರು ಬಗೆಯ ಯಂತ್ರ ಇರುವುದಿಲ್ಲ. ಡಯೋಡ್ ಮಾತ್ರ ಇದ್ದವರು ಎಲ್ಲಕ್ಕೂ ಡಯೋಡನ್ನೇ ಹೇಳುವ ಅಪಾಯ ಉಂಟು, ಸುತ್ತಿಗೆ ಹಿಡಿದವನಿಗೆ ಕಂಡದ್ದೆಲ್ಲ ಮೊಳೆಯೇ. ಹಚ್ಚೆಗೆ ಬೇಕಾಗುವ ಕ್ಯೂ-ಸ್ವಿಚ್ಡ್ ಯಂತ್ರ ಇದೆಯಾ, ಎಷ್ಟು ವರ್ಷದಿಂದ ಇದೆ, ಹೊಡೆಯುವವರು ಡಾಕ್ಟರಾ ಸಹಾಯಕರಾ ಎಂದು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಅದೂ ಒಂದು ಉತ್ತರ.

ಬೋರ್ಡು ಓದುವುದು ಕಲಿಯಿರಿ. ಡಿವಿಎಲ್‌ನಲ್ಲಿ (ಚರ್ಮ, ಲೈಂಗಿಕ ರೋಗ, ಕುಷ್ಠರೋಗದ ವಿಭಾಗ) ಎಂ.ಡಿ., ಡಿ.ಎನ್.ಬಿ., ಅಥವಾ ಡಿಪ್ಲೊಮಾ ಇದ್ದರೆ ಅವರು ಚರ್ಮವೈದ್ಯರು. ಬರೀ ‘ಕಾಸ್ಮೆಟಾಲಜಿಸ್ಟ್’ ಎಂದಿದ್ದರೆ ಮೂಲ ಪದವಿ ಏನೆಂದು ವಿಚಾರಿಸಿ. ಕರ್ನಾಟಕದಲ್ಲಿ ಪ್ರತಿ ಖಾಸಗಿ ಕ್ಲಿನಿಕ್ಕೂ 2007ರ ಕೆಪಿಎಂಇ ಕಾಯ್ದೆಯಡಿ ನೋಂದಾಯಿಸಿರಬೇಕು, ಆ ಪತ್ರ ಗೋಡೆ ಮೇಲೆ ಕಾಣಬೇಕು.

ಶಿವಮೊಗ್ಗದ ದೊಡ್ಡ ಲಾಭ ಮೂರನೇ ವಾರದಲ್ಲಿ ಗೊತ್ತಾಗುವುದು. ಕೆನ್ನೆ ಕಪ್ಪಾಯಿತಾ, ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸ್. ತಕರಾರು ಬಂದರೆ ಗ್ರಾಹಕರ ಆಯೋಗವೂ ಇದೇ ಊರಲ್ಲಿದೆ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 2019ರ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದ ಒಳಗೆ. ಅಂದರೆ ಬೆಂಗಳೂರಿನ ಕ್ಲಿನಿಕ್ಕಿನ ಮೇಲೂ ಇಲ್ಲಿಂದಲೇ ದೂರು ಸಾಧ್ಯ. ಬ್ಯಾಂಕಾಕಿನವರ ಮೇಲೆ ಹೂಡಿ ಗೆಲ್ಲುವ ಮಾತು ಬಿಡಿ.

ಬೆಂಗಳೂರು, ಮಣಿಪಾಲ

ಯಂತ್ರದ ವಿಷಯದಲ್ಲಿ ಬೆಂಗಳೂರಿಗೆ ಬೇರೆ ಊರು ಸಾಟಿಯಿಲ್ಲ, ಅತಿ ಚಿಕ್ಕ ಪಲ್ಸಿನ ಪೀಕೋ ಲೇಸರ್ ಸೇರಿ ಎಲ್ಲವೂ ಇದೆ. ಬೆಳಗಿನ ಜನಶತಾಬ್ದಿಗೆ ಹೋಗಿ ಸಂಜೆಯದರಲ್ಲಿ ವಾಪಸಾಗಬಹುದು. 2023ರಿಂದ ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನವೂ ಇದೆ, ಆದರೆ ಆರೆಂಟು ಸಿಟಿಂಗಿಗೆ ವಿಮಾನದ ಲೆಕ್ಕ ಹಾಕಿದರೆ ಲೇಸರ್ ಅಗ್ಗ ಅನ್ನಿಸೀತು. ಬೆಂಗಳೂರಿನಲ್ಲಿ ಎಚ್ಚರ ಬೇಕಾದದ್ದು ಸರಣಿ ಕ್ಲಿನಿಕ್ಕುಗಳ ಪ್ಯಾಕೇಜಿಗೆ. ಎಂಟು ಸಿಟಿಂಗಿನ ಹಣ ಮುಂಗಡ, ಕಂತಿನ ಸಾಲವನ್ನೂ ಅವರೇ ಕೊಡಿಸುತ್ತಾರೆ, ಪ್ರತಿ ಸಲ ಹೊಡೆಯುವವರು ಬೇರೆ. ನಾನಾದರೆ ಎರಡು ಸಿಟಿಂಗಿಗೆ ಮಾತ್ರ ಕೊಟ್ಟು ಫಲ ನೋಡುತ್ತೇನೆ, ರಿಯಾಯಿತಿ ಹೋದರೆ ಹೋಯಿತು.

ಮಣಿಪಾಲ, ಮಂಗಳೂರಿನ ಮೆಡಿಕಲ್ ಕಾಲೇಜುಗಳು ನಡುವಿನ ದಾರಿ. ಮಾರುವ ಒತ್ತಾಯ ಕಡಿಮೆ, ನಾಲ್ಕು ಡಾಕ್ಟರು ಕೂಡಿ ನೋಡುತ್ತಾರೆ. ಗಡ್ಡೆಗಟ್ಟುವ ಗಾಯದ ಚರ್ಮ ಇದ್ದವರಿಗೆ, ಹುಟ್ಟುಮಚ್ಚೆಗೆ, ಮೊದಲು ಯಾರೋ ಕೆಡಿಸಿದ್ದನ್ನು ಸರಿಮಾಡಿಸಲಿಕ್ಕೆ ನಾನು ಹೇಳುವುದು ಅಲ್ಲಿಗೇ. ಆಗುಂಬೆ ಘಾಟಿ ಮಳೆಗಾಲದಲ್ಲಿ ಕೈಕೊಡುತ್ತದೆ ಎಂಬುದು ನೆನಪಿರಲಿ. ಲೇಸರಿಗೆ ಒಳ್ಳೆಯ ಕಾಲ ಬೇರೆ ಮಳೆಗಾಲವೇ, ಮುಂದೆ ಹೇಳುತ್ತೇನೆ.

ಪಾರ್ಲರ್ ಲೇಸರಿಗೆ ನನ್ನ ಉತ್ತರ ಚಿಕ್ಕದು: ಮುಖಕ್ಕೆ ಬೇಡ. ಮನೆಯಲ್ಲೇ ಬಳಸುವ ಐಪಿಎಲ್ ಯಂತ್ರಗಳ ಡಬ್ಬಿ ಮೇಲೆ ಚರ್ಮದ ಬಣ್ಣದ ಪಟ್ಟಿ ಇರುತ್ತದೆ. ನಿಮ್ಮ ಬಣ್ಣಕ್ಕೆ ಗೀಟು ಹಾಕಿದ್ದರೆ ಅಲ್ಲೇ ಇಟ್ಟು ಬನ್ನಿ.

ಲೇಸರ್ ಬೇಡವೇ ಬೇಡ ಎಂಬ ಆಯ್ಕೆ

ಇದನ್ನು ಯಾರೂ ಆಯ್ಕೆ ಎಂದು ಎಣಿಸುವುದಿಲ್ಲ. ಬಂಗಿನವರೇ, ಮೊದಲು ನಿಮ್ಮ ಕ್ರೀಮಿನ ಟ್ಯೂಬ್ ತಿರುಗಿಸಿ ಓದಿ. ಮೊಮೆಟಾಸೋನ್, ಬೀಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಔಷಧಿ ಅಂಗಡಿಯಲ್ಲಿ ಕೇಳಿ ತಂದು ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಟ್ಟರೆ ಉರಿಯುತ್ತದೆ. ಅಂಥ ಮುಖಕ್ಕೆ ಲೇಸರ್ ಹೊಡೆದರೆ ಕೇಳುವುದೇ ಬೇಡ. ಎರಡನೆಯದು ಕಾವು. ಬಂಗನ್ನು ಬಿಸಿಲಷ್ಟೇ ಅಲ್ಲ, ಬೆಂಕಿಯ ಕಾವೂ ಕೆರಳಿಸುತ್ತದೆ. ಬಚ್ಚಲ ಒಲೆ, ಅಡಿಕೆ ಹಂಡೆ, ಹಬ್ಬದ ದಿನ ಕಜ್ಜಾಯದ ಬಾಣಲೆ, ನಮ್ಮ ಮಲೆನಾಡಿನ ಹೆಂಗಸರಿಗೆ ಇದು ಎಷ್ಟು ದೊಡ್ಡ ಪಾಲೋ. ಡಾಕ್ಟರು ಹೇಳಿದ ಮೇಲೆ ಹಂಡೆಯ ಮುಂದಿನ ಕೆಲಸ ನಮ್ಮ ಮನೆಯಲ್ಲಿ ಯಜಮಾನರಿಗೆ ಹೋಯಿತು. ನನ್ನ ಕೆನ್ನೆ ಸುಧಾರಿಸಿದ್ದರಲ್ಲಿ ಅವರ ಬೆವರಿನ ಪಾಲೂ ಇದೆ. ಸನ್‌ಸ್ಕ್ರೀನಿನಲ್ಲಿ ಬಣ್ಣ ಬೆರೆತ, ಐರನ್ ಆಕ್ಸೈಡ್ ಇರುವ ಬಗೆ ಬಂಗಿಗೆ ಮೇಲು. ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ.

ಮೊಡವೆ ಗುಳಿಗೆ ಮೈಕ್ರೋನೀಡ್ಲಿಂಗ್ ಇದೆ. ಸೂಜಿಗೆ ಚರ್ಮದ ಬಣ್ಣ ಗೊತ್ತಾಗುವುದಿಲ್ಲ, ಹಾಗಾಗಿ ಕಪ್ಪು ತಿರುಗುವ ಭಯ ಸಿಒ2ಗಿಂತ ಕಡಿಮೆ. ಸಿಟಿಂಗ್ ಒಂದೆರಡು ಜಾಸ್ತಿಯಾಗಬಹುದು.

ಇನ್ನು ಪಂಕ್ತಿಯಲ್ಲಿ ಕೇಳಿದವರಿಗೆ

ಅತ್ತಿಗೆಗೆ ಐವತ್ತೆಂಟು. ಗದ್ದದ ಕೂದಲಲ್ಲಿ ಅರ್ಧ ನೆರೆತಿದೆ. ನೆರೆತ ಕೂದಲಲ್ಲಿ ಮೆಲನಿನ್ ಇಲ್ಲ, ಲೇಸರಿಗೆ ಅದು ಕಾಣುವುದೇ ಇಲ್ಲ, ಅಮೆರಿಕದಲ್ಲಾದರೂ ಅಷ್ಟೆ, ಅರಸಾಳಿನಲ್ಲಾದರೂ ಅಷ್ಟೆ. ಅವರಿಗೆ ಸರಿಹೋಗುವುದು ಎಲೆಕ್ಟ್ರಾಲಿಸಿಸ್, ಒಂದೊಂದೇ ಕೂದಲ ಬುಡಕ್ಕೆ ಸಣ್ಣ ಸೂಜಿಯಿಂದ ಕರೆಂಟು ಕೊಡುವುದು. ಬಣ್ಣದ ಹಂಗಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಸರನ್ನು ಶಾಶ್ವತ ‘ಕಡಿತ’ ಎಂದರೆ, ಶಾಶ್ವತ ‘ನಿವಾರಣೆ’ ಎಂಬ ಮಾತನ್ನು ಎಲೆಕ್ಟ್ರಾಲಿಸಿಸಿಗೆ ಒಪ್ಪುತ್ತದೆ. ಅಲ್ಲಿ ಅದನ್ನೇ ಕಸುಬಾಗಿ ಮಾಡುವವರು ಸಿಗುತ್ತಾರೆ, ಐದಾರು ತಿಂಗಳ ಕಾಲವೂ ಇದೆ. ಇಲ್ಲಿ ಮಾತ್ರ ಪರದೇಶದ ತಕ್ಕಡಿ ಸ್ವಲ್ಪ ಕೆಳಗೆ ವಾಲಿತು. ಆದರೆ ಎಳೆಮಗುವಿನ ಎಣ್ಣೆ-ನೀರು, ಬಾಣಂತಿಯ ಪಥ್ಯ ಬಿಟ್ಟು ವಾರವಾರ ಅಪಾಯಿಂಟ್‌ಮೆಂಟಿಗೆ ಯಾರು ಕರೆದೊಯ್ಯುತ್ತಾರೆ ಎಂಬುದನ್ನು ಅಳಿಯನ ಹತ್ತಿರ ಮಾತಾಡಿಕೊಳ್ಳಲಿ. ಗದ್ದದಲ್ಲಿ ಇದ್ದಕ್ಕಿದ್ದಂತೆ ಒರಟು ಕೂದಲು ಹುಟ್ಟಿದ್ದರೆ ಮೊದಲು ಹಾರ್ಮೋನ್ ಪರೀಕ್ಷೆ. ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರು) ಇರುವ ಹುಡುಗಿಯರಿಗೂ ಇದೇ ಮಾತು, ಒಳಗಿನದು ಹತೋಟಿಗೆ ಬರದಿದ್ದರೆ ಮೇಲೆ ತೆಗೆದಷ್ಟೂ ಮತ್ತೆ ಬರುತ್ತದೆ.

ಹಚ್ಚೆಯ ಹುಡುಗನಿಗೆ ದುಬೈ ಹದಿನೈದು ದಿನದಲ್ಲಿ ಮುಗಿಯುವ ಮಾತಲ್ಲ. ಒಂದು ಸಿಟಿಂಗ್ ಅಲ್ಲಿ, ಉಳಿದ ಏಳು ಇಲ್ಲಿ, ಹಾಗೆ ಮಾಡಿದರೆ ಯಾರೂ ಯಾರ ಕೆಲಸಕ್ಕೂ ಹೊಣೆಯಲ್ಲ. ಅವನದು ಕಪ್ಪು ಮಸಿ, ಅದು ಪುಣ್ಯ, ಹಸಿರು ಹಳದಿ ಆಗಿದ್ದರೆ ಇನ್ನೂ ಹಟಮಾರಿ. ವರ್ಷದ ಲೆಕ್ಕ ಹಾಕಿ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಲಿ, ಆರೆಂಟು ವಾರಕ್ಕೊಮ್ಮೆ ಅಂದರೆ ಓಡಾಟ ಹೊರೆಯಲ್ಲ.

ಅಕ್ಕನ ಮಗಳದು ಮೇಲ್ದುಟಿ, ಕೆನ್ನೆಯ ಪಕ್ಕದ ಕೂದಲು, ಜೊತೆಗೆ ನಾಲ್ಕಾರು ಮೊಡವೆ ಗುಳಿ. ಮದುವೆ ಮಾಘದಲ್ಲಿ. ಅವಳ ಹತ್ತಿರ ಬೆರಳು ಮಡಚಿ ಲೆಕ್ಕ ಹಾಕಿಸಿದೆ. ಕೂದಲಿಗೆ ಐದು ವಾರಕ್ಕೊಂದರಂತೆ ಆರು ಸಿಟಿಂಗ್ ಅಂದರೆ ಆರು ತಿಂಗಳು. ಅರಿಶಿನ ಶಾಸ್ತ್ರಕ್ಕೆ ಒಂದು ತಿಂಗಳು ಮೊದಲೇ ಲೇಸರ್ ನಿಲ್ಲಬೇಕು, ಹಸಿ ಚರ್ಮದ ಮೇಲೆ ಅರಿಶಿನ, ಸುಣ್ಣ, ನಿಂಬೆರಸ ಬೀಳಬಾರದು. ಹಾಗಾಗಿ ಶುರು ಆಷಾಢದಲ್ಲಿ. ಮದುವೆ-ಮುಂಜಿ ಇಲ್ಲದ ತಿಂಗಳು, ಮನೆಯಿಂದ ಹೊರಗೆ ಬೀಳಲು ಬಿಡದ ಮಳೆ, ಲೇಸರಿಗೆ ಇದಕ್ಕಿಂತ ಒಳ್ಳೆಯ ಕಾಲ ಮಲೆನಾಡಿನಲ್ಲಿ ಇಲ್ಲ. ಮೋಡ ಇದೆಯೆಂದು ಸನ್‌ಸ್ಕ್ರೀನ್ ಬಿಡುವಂತಿಲ್ಲ, ಯುವಿಎ ಕಿರಣ ಮೋಡ ದಾಟಿ ಬರುತ್ತದೆ. ಮಳೆಗಾಲದ ಹುಳುಕಡ್ಡಿ ಇದ್ದರೆ ಅದನ್ನು ಮೊದಲು ವಾಸಿ ಮಾಡಿಕೊಳ್ಳಬೇಕು. ಶುರುಮಾಡುವ ನಾಲ್ಕು ವಾರ ಮೊದಲೇ ಥ್ರೆಡಿಂಗ್, ವ್ಯಾಕ್ಸಿಂಗ್ ಬಂದ್. ಕೂದಲ ಬೇರು ಕಿತ್ತು ಹೋದರೆ ಲೇಸರಿಗೆ ಗುರಿಯೇ ಇಲ್ಲ, ಬೋಳಿಸಿಕೊಳ್ಳಬಹುದು. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ನುಂಗಿದ್ದಳಂತೆ, ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಗುಳಿಯ ವಿಷಯ ಮದುವೆ ಮುಗಿದ ಮೇಲೆ.

“ಅಷ್ಟು ಹೊತ್ತಿಗೆ ಅವರ ಮನೆಯವರು ಗುಳಿ ಸಮೇತ ಒಪ್ಪಿರ್ತಾರಲ್ಲ ಚಿಕ್ಕಿ” ಅಂದಳು. ಬ್ಯಾಂಕಾಕ್ ಟೂರಿನ ದಿನ ಬದಲಾಗಿಲ್ಲ. ಅದು ಮೂರನೇ ಸಿಟಿಂಗ್ ಆಗಿ ಐದನೇ ವಾರಕ್ಕೆ ಬೀಳುತ್ತದೆ. ಬಿಸಿಲಲ್ಲಿ ಮುಖ ಕಂದಿದರೆ ನಾಲ್ಕನೇ ಸಿಟಿಂಗನ್ನು ಒಂದು ತಿಂಗಳು ಮುಂದೆ ಹಾಕುತ್ತೇನೆಂದು ಶಿವಮೊಗ್ಗದ ಡಾಕ್ಟರು ಹೇಳಿದ್ದಾರಂತೆ, ಅದಕ್ಕೇ ಅಗಲ ಅಂಚಿನ ಟೋಪಿ ಹುಡುಕುತ್ತಿದ್ದಾಳೆ.